ಗಾಳಿಯ ಮೇಲೆ ಗುಮಾನಿ

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಸಿಮೆಂಟಿನ ದೂಳು ತುಂಬಿದ ಗಾಳಿಗೆ ಮುಖ ಕೊಟ್ಟು ನಿಂತು ನಿಂತು ಹಾಗಾಗಿದೆ ಎಂದು ಅವರು ಹೇಳುತ್ತಿದ್ದರು. ನೋಡುವವರಿಗೆ ಮಾತ್ರ, ಈ ಮನುಷ್ಯ ನಾವು ಹೇಳಿದ್ದರಲ್ಲಿ ಅರ್ಧವನ್ನಷ್ಟೇ ನಂಬುತ್ತಿದ್ದಾರೆ ಅನ್ನಿಸುತ್ತಿತ್ತು. ಅದು ತಪ್ಪು, ಅರ್ಧವನ್ನೂ ನಂಬುತ್ತಿರಲಿಲ್ಲ. ತಲೆಯ ಮೇಲೆ ಬಿಳಿ ಹೆಲ್ಮೆಟ್ಟು, ಅದರ ಹಿಂಬದಿಗೆ ಗೇಣುದ್ದದ ಕೆಂಪು ರಿಬ್ಬನ್ನು. ಸ್ಕೂಲಿಗೆ ಹೋಗುವ ಹುಡುಗಿಯರು ಜಡೆಗೆ ಕಟ್ಟಿಕೊಳ್ಳುತ್ತಾರಲ್ಲ, ಅಂಥದ್ದು, ಶಿವಾಜಿನಗರದ ಯಾವುದೋ ಫ್ಯಾನ್ಸಿ ಅಂಗಡಿಯಲ್ಲಿ ಕೊಂಡದ್ದು. ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಅವರು ಆಕಾಶ ನೋಡುತ್ತಿರಲಿಲ್ಲ. ಬಿಸಿಲಿಗೆ ಬೆನ್ನು ಮಾಡಿ ನಿಂತು, ತಮ್ಮ ನೆರಳಿನ ತಲೆಯಲ್ಲಿ ಆ ರಿಬ್ಬನ್ನಿನ ನೆರಳು ಎತ್ತ ಹಾರುತ್ತಿದೆ ಎಂದು ನೆಲ ನೋಡುತ್ತಿದ್ದರು.

ಕೆ.ಆರ್. ಪುರ ರೈಲ್ವೆ ಸ್ಟೇಷನ್ನಿನಿಂದ ಪೂರ್ವಕ್ಕೆ, ಹಳೇ ಮದ್ರಾಸ್ ರಸ್ತೆಯಿಂದ ಸ್ವಲ್ಪ ಒಳಗೆ, ಎತ್ತರದ ಅಪಾರ್ಟ್‌ಮೆಂಟೊಂದು ಏಳುತ್ತಿತ್ತು. ಅಲ್ಲಿ ಅವರು ಸುರಕ್ಷತೆಯ ಅಧಿಕಾರಿ. ನಾನು ಡಿಪ್ಲೊಮಾ ಮುಗಿಸಿ, ಬಾಣಸವಾಡಿಯ ಮನೆಯಿಂದ ಸ್ಕೂಟರಿನಲ್ಲಿ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ ಜಂಜಾಟ ದಾಟಿ ಬಂದು ಅವರ ಕೈಕೆಳಗೆ ಸೇರಿದವಳು. ಎದುರಿಗೆ ಎಲ್ಲರೂ ಅವರನ್ನು ಸೇಫ್ಟಿ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಗುಮಾನಿ ಸಾರ್. ಸೇರಿದ ದಿನವೇ ಆಫೀಸಿನ ಹುಡುಗಿಯೊಬ್ಬಳು ನನ್ನ ಕಿವಿಯಲ್ಲಿ ಉಸುರಿದಳು: "ಹುಷಾರು ಕಣೇ. ಇಲ್ಲಿ ನಡೆಯೋದೆಲ್ಲ ಹೆಡ್ಡಾಫೀಸಿಗೆ ಊದೋದು ಅವ್ರೇ."

ನಾನು ನಂಬಿದೆ. ನಂಬದಿರುವುದಕ್ಕೆ ಅವರು ಯಾವ ಕಾರಣವನ್ನೂ ಕೊಟ್ಟಿರಲಿಲ್ಲ. ಊಟದ ಡಬ್ಬಿಯನ್ನು ಯಾರ ಜೊತೆಗೂ ಹಂಚಿಕೊಳ್ಳುತ್ತಿರಲಿಲ್ಲ. ಇಬ್ಬರು ನಿಂತು ಮಾತಾಡುತ್ತಿದ್ದರೆ ಮೂರನೆಯವರಾಗಿ ಬಂದು ನಿಲ್ಲುತ್ತಿದ್ದರು, ಏನೂ ಕೇಳುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಹಲಸೂರಿನಲ್ಲಿ ಹುಟ್ಟಿ ಬೆಳೆದವರು, ಬಾಯಲ್ಲಿ ಮೂರು ಭಾಷೆ. ಪ್ರೀತಿ ಬಂದರೆ ತಮಿಳು, ಕೋಪ ಬಂದರೆ ದಖನಿ ಉರ್ದು, ಅನುಮಾನ ಬಂದರೆ ಕನ್ನಡ. ನಮಗೆ ಕೇಳಿಸಿದ್ದೆಲ್ಲ ಹೆಚ್ಚಾಗಿ ಕನ್ನಡವೇ.

ನನ್ನ ಮೊದಲ ಕೆಲಸ ಬಹಳ ಸುಲಭದ್ದು. ಕಟ್ಟಡದ ಪಕ್ಕದಲ್ಲಿ ದೊಡ್ಡ ಟವರ್ ಕ್ರೇನ್ ನಿಂತಿತ್ತು. ಅದರ ನೆತ್ತಿಯ ಮೇಲೆ, ಆಪರೇಟರ್ ಕೂರುವ ಕ್ಯಾಬಿನ್ನಿಗಿಂತ ಮೇಲೆ, ಒಂದು ಸಣ್ಣ ಕಂಬಕ್ಕೆ ಗಾಳಿ ಮೀಟರ್ ಸಿಕ್ಕಿಸಿದ್ದರು. ಮೂರು ಪುಟ್ಟ ಬಟ್ಟಲುಗಳು ಗಾಳಿಗೆ ತಿರುಗುತ್ತವೆ, ಎಷ್ಟು ಜೋರಾಗಿ ತಿರುಗುತ್ತಿವೆ ಎನ್ನುವುದು ಕ್ಯಾಬಿನ್ನಿನೊಳಗೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಅಂಕಿಯಾಗಿ ಕಾಣುತ್ತದೆ. ಗಾಳಿ ಮಿತಿ ದಾಟಿದರೆ ಅಲಾರಾಂ ಕೂಗುತ್ತದೆ, ಆಗ ಕ್ರೇನ್ ಕೆಲಸ ನಿಲ್ಲಿಸಬೇಕು. ನಾನು ಆಗಾಗ ವಾಕಿಟಾಕಿಯಲ್ಲಿ ಆಪರೇಟರನ್ನು ಕೇಳಿ ಆ ಅಂಕಿಯನ್ನು ಸಾರ್‌ಗೆ ಹೇಳಬೇಕಿತ್ತು. ಒಂದು ಬೆಳಿಗ್ಗೆ ನಾನು ಕೇಳುವ ಮೊದಲೇ ಅವರು, "ಮೇಲೆ ಇಪ್ಪತ್ತೆರಡು ಅಂತೆ, ಬೋರ್ಡಲ್ಲಿ ಬರಿ" ಎಂದರು. ಬರೆದೆ. ತಕ್ಷಣ ನನ್ನೆದುರಿಗೇ ಆಪರೇಟರನ್ನು ಕರೆದು ಕೇಳಿದರು. ಮೇಲಿನಿಂದ "ಹದಿನಾಲ್ಕು ಸಾರ್" ಎಂದು ಬಂತು.

"ನಾನು ಹೇಳಿದ್ದು ಸುಳ್ಳು. ಯಾಕೆ ಬರೆದೆ?"

"ನೀವು ಹೇಳಿದ್ರಲ್ಲ ಸಾರ್."

"ನಾನೇನು ಗಾಳಿಗೆ ಸೋದರಮಾವನಾ? ನಾನು ಹೇಳಿದ್ರೆ ಅದು ಕೇಳತ್ತಾ?"

ಮೈ ಉರಿದುಹೋಯಿತು. ಮನೆಗೆ ಹೋಗಿ, ಈ ಮನುಷ್ಯನ ಕೈಕೆಳಗೆ ನನ್ನಿಂದಾಗದು ಎಂದು ಅಮ್ಮನ ಹತ್ತಿರ ಕೂಗಾಡಿದೆ. ಇನ್ನೊಂದು ತಿಂಗಳು ನೋಡು ಎಂದಳು ಅಮ್ಮ. ನೋಡಿದೆ. ಅವರು ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂಬ ಅನುಮಾನ ಹೋಗಲಿಲ್ಲ, ಆದರೆ ಬೋರ್ಡಿನಲ್ಲಿ ಬರೆಯುವ ಮೊದಲು ತಲೆಯೆತ್ತಿ ನೋಡುವ ಅಭ್ಯಾಸ ಹತ್ತಿಕೊಂಡಿತು.

ದಿನ ಬೆಳಗಾದರೆ ನಾನು ಫೋನಿನಲ್ಲಿ ಆ ದಿನದ ಗಾಳಿಯ ಮುನ್ಸೂಚನೆ ತೆಗೆದು ತೋರಿಸಬೇಕಿತ್ತು. ಅವರು ಅದನ್ನು ಓದುತ್ತಿರಲಿಲ್ಲ, ವಿಚಾರಣೆ ಮಾಡುತ್ತಿದ್ದರು. ಸ್ಟೇಷನ್ನಿನಲ್ಲಿ ಕಳ್ಳನನ್ನು ಕೂರಿಸಿಕೊಂಡಂತೆ ಫೋನನ್ನು ಮೇಜಿನ ಮೇಲಿಟ್ಟು, ಕೇಳುವುದನ್ನೆಲ್ಲ ನನ್ನನ್ನು ಕೇಳುತ್ತಿದ್ದರು. "ಎಲ್ಲಿನ ಗಾಳಿ ಇದು?" ಬೆಂಗಳೂರು ಸಾರ್. "ಬೆಂಗಳೂರಲ್ಲಿ ಎಲ್ಲಿ? ಇಂದಿರಾನಗರದಲ್ಲಿ ಮರ ಇದೆ, ಇಲ್ಲಿ ಬಯಲು. ಎರಡಕ್ಕೂ ಒಂದೇ ಗಾಳಿನಾ? ಸರಿ, ಎಷ್ಟು ಎತ್ತರದ್ದು?" ಗೊತ್ತಿಲ್ಲ ಸಾರ್. "ಮೂರು ಮಾಳಿಗೆ ಎತ್ತರದ ಲೆಕ್ಕ ಅದು, ಬಯಲು ಜಾಗದಲ್ಲಿ. ನಮ್ಮ ಕ್ರೇನ್ ಎಲ್ಲಿದೆ? ನೋಡು, ಮೇಲೆ ನೋಡು. ಅಲ್ಲಿ ಗಾಳಿಗೆ ಯಾರ ಭಯಾನೂ ಇಲ್ಲ. ಇನ್ನು ಆ ಎರಡು ಬಿಲ್ಡಿಂಗ್ ಮಧ್ಯೆ ಸಂದಿ ಇದ್ಯಲ್ಲ, ಅಲ್ಲಿ ನುಗ್ಗೋ ಗಾಳಿ ಯಾವ ಫೋನಲ್ಲೂ ಇಲ್ಲ."

ಫೋನು ಸುಳ್ಳು ಹೇಳುತ್ತದೆ ಎಂದು ಅವರು ಯಾವತ್ತೂ ಅನ್ನಲಿಲ್ಲ. ಅದು ಬೇರೆ ಯಾರಿಗೋ ನಿಜ ಹೇಳುತ್ತಿದೆ, ನಾವು ಕದ್ದು ಕೇಳಿಸಿಕೊಂಡು ನಮಗೇ ಹೇಳಿದ್ದು ಅಂದುಕೊಳ್ಳುತ್ತಿದ್ದೇವೆ ಎನ್ನುತ್ತಿದ್ದರು.

ವೇಗಕ್ಕೂ ಹೊಡೆತಕ್ಕೂ ಇರುವ ವ್ಯತ್ಯಾಸ ನನಗೆ ತಲೆಗೆ ಹತ್ತಿದ್ದು ಬಸ್ಸಿನಿಂದ. ಮುನ್ಸೂಚನೆಯಲ್ಲಿ ಎರಡು ಅಂಕಿಗಳಿರುತ್ತವೆ: ಒಂದು ಗಾಳಿಯ ವೇಗ, ಇನ್ನೊಂದು ನಡುನಡುವೆ ಎದ್ದು ಬಡಿಯುವ ಹೊಡೆತ. ನಾನು ಮೊದಲನೆಯದನ್ನು ಓದಿ ಹೇಳಿ, ಎರಡನೆಯದನ್ನು ಬಾಲಂಗೋಚಿ ಎಂದುಕೊಂಡು ಬಿಟ್ಟುಬಿಡುತ್ತಿದ್ದೆ. "ಟಿನ್ ಫ್ಯಾಕ್ಟರಿಯಿಂದ ಇಲ್ಲಿಗೆ ಬಸ್ಸು ಯಾವ ಸ್ಪೀಡಲ್ಲಿ ಬರತ್ತೆ?" ಎಂದು ಕೇಳಿದರು. ನಡೆದುಕೊಂಡು ಬರುವವರು ಮುಂದೆ ಹೋಗುತ್ತಾರೆ ಸಾರ್ ಎಂದೆ. "ಅಷ್ಟು ನಿಧಾನಕ್ಕೆ ಹೋಗೋ ಬಸ್ಸಲ್ಲಿ ಜನ ಯಾಕೆ ಬೀಳ್ತಾರೆ?" ಡ್ರೈವರ್ ಒಂದೇ ಸಲ ಬ್ರೇಕ್ ಹಾಕಿದರೆ ಬೀಳ್ತಾರೆ ಎಂದೆ. "ಅಷ್ಟೇ. ಸರಾಸರಿ ಯಾರನ್ನೂ ಬೀಳಿಸಲ್ಲಮ್ಮ. ಬೀಳಿಸೋದು ಆ ಒಂದು ಏಟು. ಫೋನಲ್ಲಿ ಮೊದಲನೇದು ಬಸ್ಸು, ಎರಡನೇದು ಬ್ರೇಕು. ಬ್ರೇಕ್ ಓದು ಮೊದಲು."

ದಿಕ್ಕಿನ ಬಗ್ಗೆ ಅವರ ಪಾಠ ಇನ್ನೂ ಚಿಕ್ಕದು. ಫೋನಿನ ಬಾಣದ ಗುರುತು ಗಾಳಿ ಹೋಗುವ ಕಡೆ ಮುಖ ಮಾಡಿರುತ್ತದೆ, ಹೆಸರು ಮಾತ್ರ ಬಂದ ಕಡೆಯದು. ನಾನು ಬಾಣ ನೋಡಿ ಪಡುವಣ ಗಾಳಿಯನ್ನು ಮೂಡಣ ಗಾಳಿ ಎಂದುಬಿಟ್ಟಿದ್ದೆ. "ಗೇಟಲ್ಲಿ ಹೊಸಬ ಬಂದ್ರೆ ಏನು ಕೇಳ್ತೀವಿ? ಎಲ್ಲಿಂದ ಬಂದೆ ಅಂತ ತಾನೇ? ಗಾಳೀನೂ ಹಾಗೇ ಕೇಳು. ಬಂದ ಕಡೆ ಗೊತ್ತಾದ್ರೆ ಹೋಗೋ ಕಡೆ ತಾನಾಗೇ ಗೊತ್ತಾಗತ್ತೆ." ಆಮೇಲೆ ಬಾಣದ ಗೊಡವೆಯೇ ಬೇಡವೆನ್ನಿಸಿತು. ಸ್ಟೇಷನ್ನಿನ ರೈಲಿನ ಸದ್ದು ಪಕ್ಕದಲ್ಲೇ ಇದ್ದಂತೆ ಕೇಳಿದರೆ ಗಾಳಿ ಪಡುವಣದ್ದು. ರೈಲು ಮೂಕವಾಗಿ, ಸೈಟಿನ ಆಚೆಗಿದ್ದ ಕೆರೆಯ ಕೆಟ್ಟ ವಾಸನೆ ಬಂದರೆ ಮೂಡಣದ್ದು. ಅದನ್ನೂ ನಂಬಬೇಡ ಎಂದು ಅವರೇ ಸೇರಿಸಿದರು. ರೈಲೇ ಬರದಿರುವ ದಿನ ಇರುತ್ತದಲ್ಲ.

ಈ ಗುಮಾನಿ ಸೈಟಿನ ಗೇಟಿಗೆ ಮುಗಿಯುತ್ತಿರಲಿಲ್ಲ. ಆಟೋ ಮೀಟರು, ಕರೆಂಟು ಮೀಟರು, ಗಾಳಿ ಮೀಟರು, ಮೂರೂ ಒಂದೇ ವಂಶದವು ಎಂದು ಅವರ ನಂಬಿಕೆ. ಒಮ್ಮೆ ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಕಾಫಿ ತಂದಿಟ್ಟರು. ಸಕ್ಕರೆ ಹಾಕಿದ್ದೀಯಾ ಎಂದು ಸಾರ್ ಕೇಳಿದರು, ಹಾಕಿದ್ದೀನಿ ಎಂದು ಆಕೆ ಹೇಳಿದರು, ಆಮೇಲೂ ಇವರು ಚಮಚದಲ್ಲಿ ತಳ ಕೆದಕಿ ನೋಡಿದರು. ಆಕೆ ನನ್ನ ಕಡೆ ತಿರುಗಿ, "ಮದುವೆ ದಿನ ತಾಳಿ ಕಟ್ಟಿದ್ಮೇಲೂ ಗಂಟು ಎಳೆದು ನೋಡಿದ್ರು ಕಣಮ್ಮ" ಎಂದು ನಕ್ಕರು. ಸಾರ್ ನಗಲಿಲ್ಲ. "ಬಿಗಿಯಾಗಿತ್ತು ತಾನೇ?" ಎಂದರು.

ಅವರು ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದು ಯಾರಾದರೂ ಹೇಳಿದರೆ ನಾನೇ ಒಪ್ಪುವುದಿಲ್ಲ. ಒಂದು ಆಷಾಢದಲ್ಲಿ ಇಡೀ ಮಧ್ಯಾಹ್ನ ಕ್ರೇನ್ ನಿಲ್ಲಿಸಿ ಕೂರಿಸಿದರು. ಒಂದು ಎಲೆಯೂ ಅಲುಗಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಬಂದು, "ಏನ್ ಸಾರ್, ನಿಮ್ಮ ಗಾಳಿ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದ್ಯಾ?" ಎಂದು ಎಲ್ಲರೆದುರು ಕೇಳಿದರು. ಇವರು ಅರ್ಧಗಣ್ಣಲ್ಲೇ ನೋಡಿ, "ಬರ್ಲಿಲ್ಲ ಅಂತ ಬೇಜಾರಾ ನಿಮ್ಗೆ?" ಎಂದರು. ಆ ಮ್ಯಾನೇಜರ್ ಕೆಟ್ಟವರಲ್ಲ. ಕಟ್ಟಡ ತಡವಾದರೆ ಬೈಸಿಕೊಳ್ಳುವವರು ಅವರು, ಏನಾದರೂ ಬಿದ್ದರೆ ಬೈಸಿಕೊಳ್ಳುವವರು ಇವರು. ಇಬ್ಬರಿಗೂ ಪರಸ್ಪರ ಅನುಮಾನ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟು ಅನುಮಾನದ ಮನುಷ್ಯ ಮಗುವಿನಂತಾಗುತ್ತಿದ್ದದ್ದು ಆಯುಧ ಪೂಜೆಯ ದಿನ. ಮಿಕ್ಸರಿಗೆ, ಲಿಫ್ಟಿಗೆ, ಲಾರಿಗಳಿಗೆ, ನನ್ನ ಸ್ಕೂಟರಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡು ಹೂವು. ಕ್ರೇನಿನ ಬುಡದಲ್ಲಿ ಬೂದುಗುಂಬಳ ಒಡೆದರು. ಕಡ್ಲೆಪುರಿ ಹಂಚಿದರು. ಆ ವರ್ಷ ಸಾರ್ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಜೇಬಿಗೆ ಕುಂಕುಮದ ಪೊಟ್ಟಣ, ಕೊರಳಿಗೆ ಒಂದು ಮೊಳ ಹೂವಿನ ಸರ ಹಾಕಿಕೊಂಡು ತಾವೇ ಏಣಿ ಹತ್ತಿದರು. ಯಾರನ್ನಾದರೂ ಕಳಿಸಿ ಸಾರ್ ಎಂದೆ. "ಅವರವರ ಆಯುಧಕ್ಕೆ ಅವರವರೇ ಪೂಜೆ ಮಾಡ್ಬೇಕು. ನನ್ನ ಆಯುಧ ಅಲ್ಲಿದೆ" ಎಂದು ಕ್ರೇನಿನ ನೆತ್ತಿ ತೋರಿಸಿದರು.

ಮಾರನೆಯ ದಿನ ಎಂದಿನ ಮನುಷ್ಯ ವಾಪಸ್ಸು ಬಂದರು. ಕೈಯಲ್ಲಿ ಕತ್ತರಿ. ತಿರುಗುವ ವಸ್ತುವಿನ ಹತ್ತಿರ ಹೂವಿನ ದಾರ ಇರಕೂಡದು ಎಂದು ಸೈಟಿಡೀ ಸುತ್ತಿ ಮಿಕ್ಸರಿನ ಸರ, ಲಿಫ್ಟಿನ ಸರ, ಗರಗಸದ ಸರ ಎಲ್ಲವನ್ನೂ ಕತ್ತರಿಸಿ ಗೋಣಿಚೀಲಕ್ಕೆ ತುಂಬಿದರು. ಹೂವು ಬಾಡುವ ಮೊದಲೇ ತೆಗೀಬೇಡಿ ಎಂದು ಲಾರಿಯವನು ಗೋಗರೆದ. ಕೇಳಲಿಲ್ಲ.

ಆ ವಾರವೇ ಗಾಳಿ ಬಹಳ ಸಾಧುವಾಯಿತು. ನಾನು ಕೇಳಿದಾಗಲೆಲ್ಲ ಮೇಲಿನಿಂದ ಎಂಟು, ಒಂಬತ್ತು, ಎಂಟು. ಅಲಾರಾಂ ಕೂಗುವುದೇ ನಿಂತಿತು. ಹಿಂದೆ ಬಿದ್ದಿದ್ದ ಕೆಲಸ ಓಡತೊಡಗಿತು, ಮ್ಯಾನೇಜರ್ ಟೀ ಅಂಗಡಿಯಲ್ಲಿ ಎಲ್ಲರ ಜೊತೆ ನಗುತ್ತ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಸಾರ್ ಒಬ್ಬರೇ ಸರಿಯಿರಲಿಲ್ಲ. ಕಟ್ಟಡಕ್ಕೆ ಹೊದಿಸಿದ್ದ ಹಸಿರು ಬಲೆ ಪಟಪಟ ಬಡಿದುಕೊಳ್ಳುವುದನ್ನು ಕೇಳುತ್ತ ನಿಂತಿರುತ್ತಿದ್ದರು. "ಯಾಕೋ ಈ ಮೀಟರ್ ತುಂಬ ಒಳ್ಳೆ ಮನೆತನದವನ ಥರ ಮಾತಾಡ್ತಿದೆ" ಎಂದರು ಒಂದು ಸಲ. ವೈರು ನೋಡಿಸಿದರು, ಸರಿಯಿತ್ತು. ಕ್ಯಾಬಿನ್ನಿನ ಡಬ್ಬಿ ಬಿಚ್ಚಿಸಿದರು, ಸರಿಯಿತ್ತು. ಆಪರೇಟರ್ ಅಂಕಿಯನ್ನು ನೋಡಿ ಹೇಳುತ್ತಿದ್ದಾನೋ ಬಾಯಿಗೆ ಬಂದದ್ದು ಹೇಳುತ್ತಿದ್ದಾನೋ ಎಂದು ನನ್ನನ್ನೇ ಮೇಲೆ ಕಳಿಸಿದರು. ಅವನು ನೋಡಿಯೇ ಹೇಳುತ್ತಿದ್ದ.

ಆಪರೇಟರ್ ಬಂಗಾರಪೇಟೆ ಕಡೆಯವನು, ಮಾತು ಕಡಿಮೆ. ನಾನು ಅಣ್ಣ ಎನ್ನುತ್ತಿದ್ದೆ. ಅಲಾರಾಂ ಕಂಡರೆ ಅವನಿಗಾಗುತ್ತಿರಲಿಲ್ಲ. ಕಿವಿಯ ಪಕ್ಕದಲ್ಲೇ ಕಿರುಚುತ್ತದೆ, ತಲೆ ಸಿಡಿಯುತ್ತದೆ ಎಂದು ಹಲವು ಸಲ ದೂರಿದ್ದ. ಇದು ನನಗೂ ಗೊತ್ತಿತ್ತು, ಸಾರ್‌ಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಹೊಸಕೋಟೆ ಕಡೆ ಮೋಡ ಕಪ್ಪಗಾಯಿತು. ಕೆಳಗಿನ ಅಂಗಳದಿಂದ, ಕಾಂಕ್ರೀಟಿಗೆ ಅಚ್ಚು ಹಿಡಿಯುವ ಶಟರಿಂಗಿನ ಒಂದು ಅಗಲವಾದ ಹಲಗೆಯನ್ನು, ಗೋಡೆಯಷ್ಟು ದೊಡ್ಡದು, ಕ್ರೇನ್ ಆಗಲೇ ಎತ್ತಿತ್ತು. ಅದು ತಿರುಗದಿರಲಿ ಎಂದು ಎರಡು ತುದಿಗೆ ಹಗ್ಗ ಕಟ್ಟಿ ಇಬ್ಬರು ಕೆಳಗೆ ಹಿಡಿದುಕೊಂಡಿದ್ದರು. ಬಿಸಿಲಿಲ್ಲದ್ದರಿಂದ ನೆರಳಿರಲಿಲ್ಲ. ಸಾರ್ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದರು. ಬೆಳಿಗ್ಗೆಯಿಂದ ಒಂದೇ ಕಡೆ ಹಾರುತ್ತಿದ್ದ ರಿಬ್ಬನ್ನು ಜೋತುಬಿದ್ದಿತ್ತು, ದೊಡ್ಡ ಹೊಡೆತಕ್ಕೆ ಮುಂಚೆ ಗಾಳಿ ಉಸಿರು ಹಿಡಿದಂತೆ.

"ಇಳಿಸಿ ಅಂತ ಹೇಳು" ಎಂದರು.

ಪಕ್ಕದಲ್ಲೇ ಇದ್ದ ಮ್ಯಾನೇಜರ್ ತಡೆದರು. "ಸಾರ್, ಫೋನ್ ನೋಡಿ, ಲೈಟ್ ವಿಂಡ್ ಅಂತಿದೆ. ಮೀಟರ್ ಒಂಬತ್ತು ಅಂತಿದೆ. ಎರಡು ಸಾಕ್ಷಿ ಒಂದೇ ಮಾತು ಹೇಳ್ತಿವೆ. ನೀವೊಬ್ರು ಮಾತ್ರ ಬೇರೆ ಹೇಳ್ತಿದ್ದೀರ."

"ಇಬ್ರು ಸಾಕ್ಷಿಗಳು ಒಂದಕ್ಷರಾನೂ ಬಿಡ್ದೆ ಒಂದೇ ಥರ ಹೇಳಿದ್ರೆ ಪೊಲೀಸ್‌ನೋರು ಏನ್ ಮಾಡ್ತಾರೆ ಗೊತ್ತಾ? ಬೇರೆ ಬೇರೆ ರೂಮಲ್ಲಿ ಕೂರಿಸ್ತಾರೆ." ಇಷ್ಟು ಹೇಳಿ ನನ್ನ ಕೈಯಿಂದ ವಾಕಿಟಾಕಿ ಕಿತ್ತುಕೊಂಡರು. "ಇಳ್ಸಪ್ಪ. ಬಯಲಿಗೆ ತಂದು ಇಳ್ಸು. ಬೇಗ." ಆಮೇಲೆ ಹಗ್ಗ ಹಿಡಿದವರ ಕಡೆ ಓಡುತ್ತ ತಮಿಳಿನಲ್ಲಿ ಕೂಗಿದರು. ಅವರಲ್ಲೊಬ್ಬ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದ. ಹಾಗೆ ಸುತ್ತಿಕೊಳ್ಳಬೇಡ ಎಂದು ಸಾರ್ ದಿನಾ ಬೈಯುತ್ತಿದ್ದರು, ಅವನು ದಿನಾ ಸುತ್ತಿಕೊಳ್ಳುತ್ತಿದ್ದ.

ಮೊದಲು ತಣ್ಣಗಾಯಿತು. ಮರುಕ್ಷಣ ಅಂಗಳದ ದೂಳೆಲ್ಲ ಎದ್ದು ನಿಂತಿತು. ಮೇಲಿದ್ದ ಹಲಗೆ ಯಾರೋ ಸಿಟ್ಟಿನಿಂದ ಎಳೆದ ಬಾಗಿಲಿನಂತೆ ಗಿರ್ರೆಂದು ತಿರುಗಿತು. ಹಗ್ಗ ಸುತ್ತಿಕೊಂಡವನು ಕಾಲು ನೆಲಕ್ಕೆ ತಾಗುವುದೋ ಇಲ್ಲವೋ ಎನ್ನುವಂತೆ ಎಳೆಸಿಕೊಂಡು ಹೋದ. ಸಾರ್ ಅವನ ಸೊಂಟ ಹಿಡಿದು ನೇತುಬಿದ್ದರು, ಇನ್ನೊಂದು ಕೈಯಲ್ಲಿ ಸುತ್ತು ಬಿಚ್ಚಿದರು. ಮೇಲೆ ಆಪರೇಟರ್ ಗಾಳಿಯ ಜೊತೆಗೇ ಕ್ರೇನ್ ತಿರುಗಿಸಿ, ಹಲಗೆಯನ್ನು ಮರಳಿನ ಗುಡ್ಡೆಯ ಮೇಲೆ ಧಪ್ಪೆಂದು ಕೆಡವಿದ. ಯಾರಿಗೂ ಏನೂ ಆಗಲಿಲ್ಲ, ಆ ಒಬ್ಬನ ಮುಂಗೈ ಚರ್ಮ ಸುಲಿದದ್ದು ಬಿಟ್ಟರೆ. ನೆಲದಲ್ಲಿ ಬಿದ್ದಿದ್ದ ವಾಕಿಟಾಕಿ ಎತ್ತಿಕೊಂಡು ಕೇಳಿದೆ: "ಅಣ್ಣ, ಮೀಟರ್ ಎಷ್ಟಿದೆ?"

"ಹನ್ನೊಂದು" ಎಂದ. ಬಲೆ ಹರಿದು ರಸ್ತೆಯ ಮೇಲೆ ಹಾರುತ್ತಿತ್ತು.

ಅವನು ಕೆಳಗಿಳಿದು ಬಂದಾಗ ಎಲ್ಲರೂ ಅಲ್ಲೇ ಇದ್ದರು. ಸಾರ್ ದೂಳು ಮೆತ್ತಿದ ಮುಖದಲ್ಲಿ ಅವನೆದುರು ಹೋಗಿ ನಿಂತರು.

"ಮೀಟರ್‌ಗೆ ಏನ್ ಮಾಡಿದ್ಯ?"

"ನಾನೇನ್ ಮಾಡ್ಲಿ ಸಾರ್?"

"ಅಲಾರಾಂ ಕೂಗ್ಬಾರ್ದು ಅಂತ ಏನೋ ಮಾಡಿದ್ಯ. ನಿಂಗೆ ಅದ್ರ ಸದ್ದು ಆಗಲ್ಲ. ವೈರ್ ಸರಿಯಿದೆ, ಡಬ್ಬಿ ಸರಿಯಿದೆ. ಉಳಿದಿದ್ದು ನೀನೊಬ್ನೇ."

ಹಲಗೆಯನ್ನು ಮರಳಿನ ಮೇಲೆ ಕೆಡವಿ ಈಗಷ್ಟೇ ಒಂದು ಜೀವ ಉಳಿಸಿದವನಿಗೆ ಈ ಮಾತು. ಆದರೆ ಸಾರ್ ಹೇಳಿದ್ದು ನನಗೂ ಹೌದೆನ್ನಿಸಿಬಿಟ್ಟಿತ್ತು, ಗುಂಪಿನಲ್ಲಿದ್ದವರ ಮುಖಗಳಲ್ಲೂ ಅದೇ ಕಾಣುತ್ತಿತ್ತು. ಅವನು ಹೆಲ್ಮೆಟ್ ತೆಗೆದು ಸಾರ್ ಮೇಜಿನ ಮೇಲೆ ಬೋರಲಾಗಿಟ್ಟ. "ನನ್ನ ಮೇಲೆ ಅನುಮಾನ ಇದ್ರೆ ನಾನ್ ಹತ್ತಲ್ಲ ಸಾರ್. ಬೇರೆಯವರನ್ನ ಕರ್ಕೊಳ್ಳಿ" ಎಂದ. ಮ್ಯಾನೇಜರ್‌ಗೆ ಹೊಣೆ ಹೊರಿಸಲು ಒಂದು ತಲೆ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಲೆಕ್ಕ ಮುಗಿಸಿ ಕಳಿಸುತ್ತೇನೆ ಎಂದರು. ಮೀಟರ್ ಕೆಡಿಸಿದ ಎಂಬ ಹೆಸರು ಹೊತ್ತು ಹೋದ ಆಪರೇಟರಿಗೆ ಈ ಊರಿನಲ್ಲಿ ಯಾವ ಸೈಟಿನವರೂ ಕ್ರೇನ್ ಕೊಡುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮರುದಿನ ನಾನು ಬರುವಷ್ಟರಲ್ಲಿ ಸಾರ್ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. "ಅವನು ಏನ್ ಮಾಡಿದ್ದಾನೋ ಕಣ್ಣಾರೆ ನೋಡ್ಬೇಕು. ಬಾ" ಎಂದರು. ಹತ್ತಿದೆವು. ಮಧ್ಯೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಕ್ಯಾಬಿನ್ನಿನ ಹತ್ತಿರ ನನ್ನನ್ನು ನಿಲ್ಲಿಸಿ, ಬೆಲ್ಟ್ ಸಿಕ್ಕಿಸಿಕೊಂಡು, ನೆತ್ತಿಗೆ ಅವರೊಬ್ಬರೇ ಹೋದರು. ಕೆಳಗಿನಿಂದ ನನಗೆ ಕಂಡದ್ದು ಅವರ ಬೆನ್ನು ಮಾತ್ರ. ಆ ಬೆನ್ನು ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಕೈ ಆಡಿತು, ಏನನ್ನೋ ಬಿಡಿಸಿದಂತೆ, ಎಳೆದಂತೆ. ಆ ಕೈ ಜೇಬಿಗೆ ಹೋಯಿತು.

ಇಳಿದು ಬಂದವರನ್ನು, "ಏನಿತ್ತು ಸಾರ್?" ಎಂದೆ.

"ಕೆಳಗೆ ಹೇಳ್ತೀನಿ."

ಅಷ್ಟು ಏಣಿ ಇಳಿಯುವಾಗ ನನ್ನ ತಲೆಯಲ್ಲಿ ಒಂದೇ ವಿಷಯ. ಅವರು ಏನನ್ನೋ ಜೇಬಿಗೆ ಹಾಕಿಕೊಂಡರು, ನನಗೆ ತೋರಿಸಲಿಲ್ಲ. ಅದೇನೆಂದು ಆಪರೇಟರಿಗೂ ಗೊತ್ತಾಗುವುದಿಲ್ಲ, ಮ್ಯಾನೇಜರಿಗೂ ಗೊತ್ತಾಗುವುದಿಲ್ಲ. ಮೀಟರ್ ಈಗ ಸರಿಯಾಯಿತು ಎಂದರೆ ಸಾಕು, ಎಲ್ಲ ಮುಗಿದುಹೋಗುತ್ತದೆ. ಬೇರೆಯವರನ್ನು ಹೇಗೆ ಅನುಮಾನಿಸಬೇಕೆಂದು ಕಲಿಸಿದವರನ್ನೇ ನಾನು ಆಗ ಅನುಮಾನಿಸುತ್ತಿದ್ದೆ, ಅವರು ಕಲಿಸಿದಷ್ಟೇ ಚೆನ್ನಾಗಿ.

ಆಪರೇಟರ್ ಗೇಟಿನ ಹತ್ತಿರ ತನ್ನ ಬ್ಯಾಗಿನ ಮೇಲೆ ಕೂತಿದ್ದ. ಎಲ್ಲರನ್ನೂ ಕರಿ ಎಂದರು ಸಾರ್. ಕರೆದೆ. ಮ್ಯಾನೇಜರೂ ಬಂದರು. ಸಾರ್ ಜೇಬಿನಿಂದ ತೆಗೆದದ್ದು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದ ಚೆಂಡು ಹೂವಿನ ಸರ, ಅರ್ಧ ಹೂವು, ಅರ್ಧ ಬರಿಯ ದಾರ.

"ಮೀಟರಿನ ಕಡ್ಡಿಗೆ ಇದು ಸುತ್ತಿಕೊಂಡಿತ್ತು. ಬಟ್ಟಲು ಪೂರ್ತಿ ಸ್ಪೀಡಲ್ಲಿ ತಿರುಗೋಕೆ ಬಿಡ್ತಿರಲಿಲ್ಲ. ಕಟ್ಟಿದ್ದು ಯಾರು?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಗೊತ್ತಾಯಿತು.

"ನಾನು" ಎಂದರು ಸಾರ್. "ಪೂಜೆ ದಿನ ಕಂಬಕ್ಕೆ ಕಟ್ಟಿದ್ದೆ. ಬಿಗಿಯಾಗಿ ಕಟ್ಟಿದ್ದೀನಿ ಅಂದ್ಕೊಂಡಿದ್ದೆ, ಎಳೆದು ನೋಡ್ಲಿಲ್ಲ. ಊರೋರ ಹೂವೆಲ್ಲ ಕತ್ತರಿಸ್ದೆ, ನಂದೊಂದು ಬಿಟ್ಟೆ. ಒಂದು ವಾರದಿಂದ ವೈರ್ ಮೇಲೆ ಅನುಮಾನಪಟ್ಟೆ, ಡಬ್ಬಿ ಮೇಲೆ ಪಟ್ಟೆ, ಇವನ ಮೇಲೆ ಪಟ್ಟೆ. ಒಬ್ಬನ್ನ ಮಾತ್ರ ಕೇಳ್ಲೇ ಇಲ್ಲ."

ಮ್ಯಾನೇಜರ್ ಹತ್ತಿರ ಬಂದು ಮೆಲ್ಲಗೆ, "ಸಾರ್, ಬಿಡಿ, ಇದು ಇಲ್ಲಿಗೇ ಇರ್ಲಿ. ಏನೂ ಆಗಿಲ್ವಲ್ಲ" ಎಂದರು. ಅದರಲ್ಲಿ ಕರುಣೆಯೂ ಇತ್ತು. ಸಾರ್ ತಲೆಯಾಡಿಸಿದರು, ಬೇಡವೆಂದು. ಆ ದಿನವೇ ಹೆಡ್ಡಾಫೀಸಿಗೆ ತಮ್ಮ ಮೇಲೆ ತಾವೇ ದೂರು ಬರೆದು ಕಳಿಸಿದರು. ನಾನು ಕಂಡಂತೆ ಅವರು ಹೆಡ್ಡಾಫೀಸಿಗೆ ಊದಿದ್ದು ಅದೊಂದೇ. ಅದಕ್ಕೆ ಅವರಿಗೆ ಎಚ್ಚರಿಕೆಯ ನೋಟಿಸೂ ಬಂತು.

ಅದಕ್ಕೆ ಮೊದಲು, ಅಲ್ಲೇ ಗೇಟಿನ ಹತ್ತಿರ, ಅವರು ಆಪರೇಟರಿನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ತಂದು ಅವನ ಮುಂದೆ ಹಿಡಿದರು. "ನಿನ್ನ ಹೆಸರು ಕೆಡಿಸೋಕೆ ಹೋಗಿದ್ದೆ. ತಪ್ಪಾಯ್ತಪ್ಪ. ಹಾಕ್ಕೋ" ಎಂದರು. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. ಹೆಲ್ಮೆಟ್ ನೋಡಿದ, ಆ ಹೂವಿನ ಸರ ನೋಡಿದ, ಕ್ರೇನ್ ನೋಡಿದ.

"ಎಲ್ಲಾ ದಾರ ತೆಗ್ದಿದ್ದೀರಾ ಸಾರ್?"

"ತೆಗ್ದೆ."

"ಇನ್ನೊಂದ್ಸಲ ನೋಡಿ. ಆಮೇಲೆ ಹತ್ತೀನಿ."

ಯಾರೋ ಕಿಸಕ್ಕೆಂದರು. ಸಾರ್ ಒಂದು ಗಳಿಗೆ ಅವನನ್ನೇ ನೋಡುತ್ತ ನಿಂತರು. ಆಮೇಲೆ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು, ನಗುವಾಗ ಆ ಎಡಗಣ್ಣು ಪೂರ್ತಿ ತೆರೆದುಕೊಳ್ಳುತ್ತಿತ್ತು. ನಗುನಗುತ್ತಲೇ ಮತ್ತೆ ಏಣಿಯ ಕಡೆ ಹೊರಟರು. ಆಪರೇಟರ್ ಓಡಿ ಹೋಗಿ ಅವರ ತೋಳು ಹಿಡಿದು ನಿಲ್ಲಿಸಿ, ತಾನೇ ಹತ್ತಿ ನೋಡಿಕೊಂಡು ಬಂದ.

ಅಂದಿನಿಂದ, ಕೆಲಸಕ್ಕೆ ಮುಂಚೆ ಎಲ್ಲರನ್ನೂ ಸೇರಿಸಿ ಎಚ್ಚರಿಕೆ ಹೇಳುವ ಬೆಳಗಿನ ಮಾತು ಶುರು ಮಾಡುವಾಗ ಸಾರ್ ಮೊದಲು ತಮ್ಮ ಎದೆಗೆ ಬೆರಳು ಮಾಡಿಕೊಳ್ಳುತ್ತಿದ್ದರು. "ಇವನು ಇವತ್ತು ಏನು ಮರೆತಿದ್ದಾನೆ ಹೇಳಿ" ಎನ್ನುತ್ತಿದ್ದರು. ಮೊದಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಕೈ ಸುಲಿಸಿಕೊಂಡವನೇ ಒಂದು ದಿನ, "ಸಾರ್, ನಿಮ್ಮ ಬೆಲ್ಟ್ ಬಕಲ್ ತಿರುಚ್ಕೊಂಡಿದೆ" ಎಂದ. ಆಮೇಲೆ ಸಾಲುಸಾಲಾಗಿ ಹೇಳತೊಡಗಿದರು. ಅವರ ಗುಮಾನಿ ಕಡಿಮೆಯಾಯಿತೆಂದಲ್ಲ, ಅದರ ಪಟ್ಟಿಗೆ ಒಂದು ಹೆಸರು ಸೇರಿತು, ಮೊದಲನೆಯದಾಗಿ.

ಆ ಕಟ್ಟಡ ಮುಗಿಯಿತು. ಅವರು ನಿವೃತ್ತರಾಗಿ ಹಲಸೂರಿನ ಗಲ್ಲಿ ಸೇರಿದರು, ನಾನು ಹೂಡಿಯ ಹತ್ತಿರ ಇನ್ನೊಂದು ಸೈಟಿಗೆ ಹೋದೆ. ಗಾಳಿಯ ದಿನಗಳಲ್ಲಿ ಅವರ ಫೋನು ಬರುತ್ತಿತ್ತು. ಹಲೋ ಇಲ್ಲ, ಹೇಗಿದ್ದೀಯಾ ಇಲ್ಲ. "ನಿಮ್ಮ ಕಡೆ ಎಲ್ಲಿಂದ?" ಪಡುವಣದಿಂದ ಸಾರ್ ಎಂದರೆ, "ಹೊರಗ್ ನಿಂತು ಹೇಳ್ತಿದ್ಯಾ, ಫೋನ್ ನೋಡಿ ಹೇಳ್ತಿದ್ಯಾ?" ನಾನು ಎದ್ದು ಹೊರಗೆ ಹೋಗಿ ನಿಂತು ಮತ್ತೆ ಹೇಳುತ್ತಿದ್ದೆ. ಅಷ್ಟಕ್ಕೆ ಫೋನು ಇಡುತ್ತಿದ್ದರು.

ಈ ಆಷಾಢದಲ್ಲಿ ಅವರ ನಂಬರಿನಿಂದ ಫೋನು ಬಂದಾಗ ನಾನು ಎದ್ದು ಹೊರಗೆ ನಡೆಯುತ್ತಲೇ ಎತ್ತಿದೆ. ಆ ಕಡೆ ಅವರ ಹೆಂಡತಿ ಇದ್ದರು. "ಕಾಫಿ ತಂದಿಟ್ಟೆ ಕಣಮ್ಮ. ಸಕ್ಕರೆ ಹಾಕಿದ್ಯಾ ಅಂತ ಕೇಳ್ಲಿಲ್ಲ" ಎಂದರು. ಎದೆನೋವೆಂದು ಹೇಳುವಷ್ಟು ಹೊತ್ತೂ ಸಿಕ್ಕಿರಲಿಲ್ಲವಂತೆ.

ಹಲಸೂರಿನ ಕಡೆ ಸತ್ತವರನ್ನು ಹೂವಿನಲ್ಲಿ ಮುಳುಗಿಸಿ ಕಳಿಸುತ್ತಾರೆ. ಗಲ್ಲಿಯ ತುದಿಯಲ್ಲಿ ತಮಟೆ ಬಡಿಯುತ್ತಿತ್ತು. ಗಾಡಿಯ ಸುತ್ತ ಚೆಂಡು ಹೂವಿನ ಸರಗಳನ್ನು ಇಳಿಬಿಟ್ಟಿದ್ದರು, ಗಾಳಿಗೆ ಅವು ಓಲಾಡುತ್ತಿದ್ದವು. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ನನ್ನ ಕಣ್ಣು ಗಾಡಿಯ ಚಕ್ರಕ್ಕೆ ಹೋಯಿತು. ಒಂದು ಸರದ ತುದಿ ಟೈರಿಗೆ ತಾಗುತ್ತಿತ್ತು. ಬಗ್ಗಿದೆ. ನನ್ನ ಜೊತೆಗೇ ಇನ್ನೊಬ್ಬರು ಬಗ್ಗಿದರು. ಬಂಗಾರಪೇಟೆಯ ಅಣ್ಣ, ತಲೆ ಬೆಳ್ಳಗಾಗಿತ್ತು. ಅವನು ಆ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದ. ನಾನು ಗಾಡಿ ಸುತ್ತಿ ಆಚೆ ಬದಿಯ ಚಕ್ರಗಳನ್ನು ನೋಡಿ ಬಂದೆ.

"ಆ ಕಡೆ?" ಎಂದ.

"ನೋಡ್ದೆ ಅಣ್ಣ. ಏನಿಲ್ಲ."

"ಇನ್ನೊಂದ್ಸಲ ನೋಡು."

ಹೋಗಿ ಕಣ್ಣೊರೆಸಿಕೊಂಡು, ಮಂಡಿಯೂರಿ ನೋಡಿದೆ. ನಾನು ಆಗಷ್ಟೇ ನೋಡಿ ಬಂದಿದ್ದ ಚಕ್ರದ ಒಳಗಡೆ ಒಂದು ಎಳೆ ಜೋತುಬಿದ್ದಿತ್ತು.